ನಮ್ಮದಲ್ಲದ್ದನ್ನು ನಾವು ಎಸೆಯಬಹುದೇ?

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಆದಿಕಾಂಡ 31:19–35, ಅರಣ್ಯಕಾಂಡ 5:5–8, ರೋಮಾಪುರದವರಿಗೆ 2:21–22

 

ಹೋದ ಭಾನುವಾರ ನಾನು ಸಭೆಯಲ್ಲಿ ಇರಲಿಲ್ಲ. ಊರಿಗೆ ಹೋಗಿದ್ದೆ, ನವಲಿಗೆ. ನಮ್ಮ ಅವ್ವ ತೀರಿಕೊಂಡು ಒಂದು ವರ್ಷ ಆಯ್ತು. ಮಳೆಗೆ ಮಾಳಿಗೆಯ ಒಂದು ಮಗ್ಗುಲು ಕುಸಿದಿತ್ತು. ಕೊಳ್ಳುವವರು ಒಬ್ಬರು ಸಿಕ್ಕಿದ್ದರು. ಅಣ್ಣ ಫೋನ್ ಮಾಡಿ, "ತಮ್ಮಾ, ಮನಿ ಖಾಲಿ ಮಾಡಬೇಕು, ಬಾ" ಅಂದ. ಅದಕ್ಕೆ ಹೋದೆ. ಅಲ್ಲಿ ಎರಡು ದಿನದಲ್ಲಿ ದೇವರು ನನ್ನೊಂದಿಗೆ ಮಾತನಾಡಿದರು. ಏನು ಮಾತನಾಡಿದರು ಅನ್ನೋದನ್ನ ಇವತ್ತು ನಿಮ್ಮ ಮುಂದೆ ಇಡ್ತೇನೆ. ಇದು ನನಗೆ ಸುಲಭದ ಸಂದೇಶ ಅಲ್ಲ. ಇದರಲ್ಲಿ ನನ್ನ ತಪ್ಪು ಇದೆ.

ಈ ಸಭೆಯಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದ ಬೆಂಗಳೂರಿಗೆ ದುಡಿಯಲು ಬಂದವರು ಬಹಳ ಜನ ಇದ್ದೀರಿ. ನಮ್ಮಲ್ಲಿ ಹೆಚ್ಚಿನವರು ಮೊದಲ ತಲೆಮಾರಿನ ವಿಶ್ವಾಸಿಗಳು. ಊರಿನ ಮನೆಯಲ್ಲಿ ಇನ್ನೂ ಜಗಲಿ ಇದೆ, ಜಗಲಿ ಮೇಲೆ ಮನೆದೇವರು ಇದೆ. ಅಪ್ಪ ಅವ್ವ ಹೋದ ಮೇಲೆ ಒಂದು ದಿನ ಆ ಮನೆ ಖಾಲಿ ಮಾಡುವ ಕೆಲಸ ನಿಮಗೂ ಬರುತ್ತೆ. ಆಗ ಏನು ಮಾಡಬೇಕು? ಇದು ಇವತ್ತಿನ ಪ್ರಶ್ನೆ.

ನಮ್ಮ ಸಭೆಯ ಒಬ್ಬ ಬ್ರದರ್ ತನ್ನ ಪಿಕಪ್ ಗಾಡಿ ತೆಗೆದುಕೊಂಡು ನನ್ನ ಜೊತೆ ಬಂದರು. ಶನಿವಾರ ಬೆಳಗಿನ ಜಾವ ಮೂರಕ್ಕೆ ಹೊರಟೆವು. ಹೆಚ್ಚು ಕಡಿಮೆ 400 ಕಿಲೋಮೀಟರ್ ದಾರಿ. ಶಿರಾ ದಾಟಿ, ಹಿರಿಯೂರು ದಾಟಿ, ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿ ಯಂತ್ರಗಳು ಕಾಣುವ ಹೊತ್ತಿಗೆ ಬೆಳಕು ಹರಿದಿತ್ತು. ಅಲ್ಲಿಂದ ಹೊಸಪೇಟೆ ರಸ್ತೆ ಹಿಡಿದೆವು. ಕೂಡ್ಲಿಗಿ ಹತ್ತಿರ ಚಹಾ ಕುಡಿಯುವಾಗ ಬ್ರದರ್ ಕೇಳಿದರು: "ಪಾಸ್ಟರ್, ಮನೇಲಿ ಮೂರ್ತಿಗಳು ಇರ್ತಾವಲ್ಲ, ಏನ್ ಮಾಡ್ತೀರಿ? ಗಿದ್ಯೋನನ ಥರ ಒಡೆದು ಸುಟ್ಟು ಬರೋಣ."

ನಾನು ಏನೂ ಹೇಳಲಿಲ್ಲ. ಯಾಕಂದ್ರೆ 17 ವರ್ಷದ ಹಿಂದೆ ನಾನು ಗಿದ್ಯೋನನ ಥರ ಒಮ್ಮೆ ಮಾಡಿದ್ದೆ. ಅದನ್ನು ಸಾಕ್ಷಿಯಾಗಿ ಇದೇ ಪುಲ್ಪಿಟ್‌ನಿಂದ ಎರಡು ಮೂರು ಸಾರಿ ಹೇಳಿದ್ದೇನೆ. ನೀವು ಹಲ್ಲೆಲೂಯಾ ಅಂದಿದ್ದೀರಿ. ಹೊಸಬರಿಗಾಗಿ ಇನ್ನೊಂದು ಸಾರಿ ಹೇಳ್ತೇನೆ, ಈ ಸಾರಿ ಪೂರ್ತಿಯಾಗಿ.

ಆಗ ನನಗೆ 19 ವರ್ಷ. ರಕ್ಷಣೆ ಹೊಂದಿ ಮೂರು ತಿಂಗಳು. ನನ್ನ ತೋಳಿನಲ್ಲಿದ್ದ ತಾಯತವನ್ನು ಬಿಚ್ಚಿ ಸುಟ್ಟೆ. ಅದು ಸರಿ, ಅದು ನನ್ನದು. ಆದರೆ ಅಷ್ಟಕ್ಕೆ ನಿಲ್ಲಲಿಲ್ಲ. ಅವ್ವ ಸಜ್ಜೆ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದಳು. ಅಪ್ಪ ಸಂತೆಗೆ ಹೋಗಿದ್ದ. ಜಗಲಿ ಮೇಲೆ ಮನೆದೇವರ ಬೆಳ್ಳಿ ಮುಖ ಇತ್ತು. ಐದು ತೊಲ. ನಮ್ಮ ಅಜ್ಜ ಒಂದು ವರ್ಷ ತೊಗರಿ ಚೆನ್ನಾಗಿ ಬಂದಾಗ ಮಾಡಿಸಿದ್ದು. ನಾನು ಅದನ್ನು ಅಂಗಿಯೊಳಗೆ ಮುಚ್ಚಿಕೊಂಡು ಹೋಗಿ ಹಳ್ಳಕ್ಕೆ ಎಸೆದು ಬಂದೆ. ಬೆಳ್ಳಿಗೆ ಆಸೆ ಪಡಬಾರದು ಅಂತ ಧರ್ಮೋಪದೇಶಕಾಂಡ 7ರಲ್ಲಿ ಓದಿದ್ದೆ. ಮಾರಿಕೊಳ್ಳಲಿಲ್ಲ ಅನ್ನೋದೇ ನನಗೆ ದೊಡ್ಡ ಹೆಮ್ಮೆ. ಅವ್ವ ಬಂದು ಜಗಲಿ ನೋಡಿದಳು, ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. "ನೋಡಿರಿ, ಆ ಮೂರ್ತಿಗೂ ಬಾಯಿ ಇಲ್ಲ, ಅವ್ವನ ಬಾಯಿಯನ್ನೂ ದೇವರು ಕಟ್ಟಿಹಾಕಿದರು" ಅಂತ ನಾನು ಸಾಕ್ಷಿ ಹೇಳುತ್ತಿದ್ದೆ.

ಇಲ್ಲಿವರೆಗೆ ನಿಮಗೆ ಗೊತ್ತು. ಮುಂದಿನದು ನನಗೂ ಗೊತ್ತಿರಲಿಲ್ಲ.

ಹೊಸಪೇಟೆ ದಾಟಿ, ಗಂಗಾವತಿ, ಕನಕಗಿರಿ ಮೇಲೆ ಹಾದು ಮಧ್ಯಾಹ್ನ ಮನೆ ಮುಟ್ಟಿದೆವು. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ನಮ್ಮ ಕಡೆ ಗಾದೆ. ನಾನು ಎರಡನ್ನೂ ದಾಟಿ ಬಂದೆ, ಕಣ್ಣು ತೆರೆದದ್ದು ನಮ್ಮ ಮನೆಯ ಪಡಸಾಲೆಯಲ್ಲಿ.

ಮನೆ ಖಾಲಿ ಮಾಡೋದು ಅಂದ್ರೆ ಏನು ಅಂತ ಮಾಡಿದವರಿಗೆ ಗೊತ್ತು. ಬೀಸುವ ಕಲ್ಲು, ಒಳ್ಳು, ಒನಕೆ. ನೆಲುವಿನಲ್ಲಿ ಇನ್ನೂ ಒಂದು ಗಡಿಗೆ ತೂಗುತ್ತಿತ್ತು. ಅವ್ವ ಹೊಲಿದ ಕೌದಿಗಳು ಏಳು. ಅದರಲ್ಲಿ ನನ್ನ ಸಾಲಿ ಅಂಗಿಯ ತುಂಡು, ಅಪ್ಪನ ಧೋತರದ ತುಂಡು, ಅಕ್ಕನ ಲಂಗದ ತುಂಡು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಅಣ್ಣ ಹೊರಗೆ ಕೊಳ್ಳುವವರ ಜೊತೆ ಮಾತಾಡುತ್ತಿದ್ದ. "ಒಳಗಿಂದು ನೀ ನೋಡು" ಅಂದ. ಒಳಗೆ ಜಗಲಿ ಇತ್ತು.

ಜಗಲಿ ಮೇಲೆ ಒಂದು ತಾಮ್ರದ ಚೊಂಬು, ಗಂಟೆ, ಎರಡು ಫೋಟೋ. ಬೆಳ್ಳಿ ಮುಖ ಇದ್ದ ಜಾಗದಲ್ಲಿ ಒಂದು ಕಲ್ಲು. ಹಳ್ಳದ ನುಣುಪು ಕಲ್ಲು, ಅಂಗೈ ಅಗಲ. ಅದರ ಮೇಲೆ ಅರಿಷಿಣ ಕುಂಕುಮ ಪದರ ಪದರವಾಗಿ ಗಟ್ಟಿಯಾಗಿ ಕೂತಿತ್ತು. ಒಂದೆರಡು ವರ್ಷದ್ದಲ್ಲ.

ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲಲ್ಲಿ ಕೂತಿದ್ದಳು. ನಾನು ಆ ಕಲ್ಲು ನೋಡುತ್ತಿದ್ದದ್ದನ್ನು ನೋಡಿ ಅವಳೇ ಹೇಳಿದಳು: "ಅದನ್ನ ನಿಮ್ಮವ್ವ ಹಳ್ಳದಾಗಿಂದ ತಂದ್ಲಪಾ. ಮೂರು ದಿನ ಹಳ್ಳದಾಗ ಮಣಕಾಲುಮಟ ನೀರಾಗ ನಿಂತು ಹುಡುಕಿದ್ಲು. ಕೇಳಿದವ್ರಿಗೆ ಕಾಲುಂಗ್ರ ಬಿದ್ದೈತಿ ಅಂದ್ಲು. ಸಿಗಲಿಲ್ಲ. ಅದರ ಬದಲಿ ಈ ಕಲ್ಲು ತಂದ್ಲು. ನಿಮ್ಮಪ್ಪಗ, ಬೆಳ್ಳಿ ಮುಖ ಮೆರುಗು ಹಾಕಾಕ ಕೊಟ್ಟಿದ್ದೆ, ಕಳುವಾತು ಅಂತ ಹೇಳಿದ್ಲು. ಇಲ್ಲಾಂದ್ರ ಅವ ನಿನ್ನ ಮನಿಯಾಗ ಬಿಟ್ಕೊಂತಿದ್ದನೇನು?"

ಪ್ರಿಯರೇ, ನಾನು ಅಲ್ಲೇ ನೆಲದ ಮೇಲೆ ಕೂತೆ. ನಾನು ಬೆಳ್ಳಿ ತೆಗೆದೆ, ಅವಳು ಕಲ್ಲು ತಂದಳು. ಅವಳ ನಂಬಿಕೆಯಲ್ಲಿ ಒಂದು ಗುಂಜಿ ತೂಕ ಕಡಿಮೆ ಆಗಿರಲಿಲ್ಲ. ಕಡಿಮೆ ಆಗಿದ್ದು ಐದು ತೊಲ ಬೆಳ್ಳಿ ಮಾತ್ರ. ಅದನ್ನು ನಾನು 17 ವರ್ಷ ಜಯ ಅಂತ ಸಾರಿದ್ದೆ.

ಆಮೇಲೆ ಟ್ರಂಕ್ ತೆಗೆದೆ. ತಳದಲ್ಲಿ ಒಂದು ಖಣದ ಬಟ್ಟೆಯಲ್ಲಿ ಏನೋ ಸುತ್ತಿಟ್ಟಿತ್ತು. ಬಿಚ್ಚಿದರೆ ನನ್ನ ಮೊದಲ ಹೊಸ ಒಡಂಬಡಿಕೆ, ಜೇಬಿನಲ್ಲಿ ಇಡುವ ಚಿಕ್ಕದು. ಬೈಬಲ್ ಕಾಲೇಜಿಗೆ ಹೋಗುವಾಗ ಮನೆಯಲ್ಲೇ ಬಿಟ್ಟು ಹೋಗಿದ್ದೆ, ಅಪ್ಪ ಒಲೆಗೆ ಹಾಕಿರಬೇಕು ಅಂದುಕೊಂಡಿದ್ದೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಅದರಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಮಗನದು ಅಂತ ಇಟ್ಟಿದ್ದಳು.

ಈಗ ವಾಕ್ಯಕ್ಕೆ ಬರೋಣ. ಆದಿಕಾಂಡ 31. ಇದೂ ಒಂದು ಮನೆ ಖಾಲಿ ಮಾಡಿ ದೂರ ಹೋಗುವ ಕಥೆ. ಯಾಕೋಬನು ಲಾಬಾನನ ಮನೆ ಬಿಟ್ಟು ಹೆಂಡತಿ ಮಕ್ಕಳು ಕುರಿ ಒಂಟೆಗಳೊಂದಿಗೆ ಹೊರಟ. ಹೊರಡುವಾಗ ರಾಹೇಲಳು ತಂದೆಯ ಮನೆದೇವರುಗಳನ್ನು ತೆಗೆದುಕೊಂಡು ಹೋದಳು. ಸತ್ಯವೇದ ಅದಕ್ಕೆ ಯಾವ ಪದ ಬಳಸುತ್ತೆ ಗಮನಿಸಿ. ಕದ್ದಳು ಅನ್ನುತ್ತೆ. ಅವು ಜೀವ ಇಲ್ಲದ ವಿಗ್ರಹಗಳು, ಹೋದರೆ ಏನಾಯ್ತು ಅಂತ ಅನ್ನುವುದಿಲ್ಲ. ಲಾಬಾನ ಮೋಸಗಾರ, ಯಾಕೋಬನ ಕೂಲಿಯನ್ನು ಹತ್ತು ಸಾರಿ ಬದಲಿಸಿದವನು. ಅಂಥವನ ವಸ್ತು ತೆಗೆದರೂ ಅದು ಕಳವು. ವಿಗ್ರಹ ತೆಗೆದರೂ ಅದು ಕಳವು. ಕದ್ದ ಮೇಲೆ ಏನಾಯ್ತು? ಬಚ್ಚಿಡಬೇಕಾಯ್ತು. ಬಚ್ಚಿಟ್ಟ ಮೇಲೆ ಅದರ ಮೇಲೆ ಕೂತು ತಂದೆಗೆ ಸುಳ್ಳು ಹೇಳಬೇಕಾಯ್ತು. ನಮ್ಮ ಮನೆಯಲ್ಲಿ ಕದ್ದವನು ನಾನು. ಸುಳ್ಳು ಹೇಳಬೇಕಾಗಿ ಬಂದದ್ದು ಅವ್ವನಿಗೆ.

ಇನ್ನು ನಾಲ್ಕು ಅಧ್ಯಾಯ ಮುಂದೆ ಹೋಗಿ, ಆದಿಕಾಂಡ 35. ದೇವರು ಯಾಕೋಬನನ್ನು ಬೇತೇಲಿಗೆ ಕರೆಯುತ್ತಾರೆ. ಯಾಕೋಬ ಮನೆಯವರಿಗೆಲ್ಲ ಅನ್ಯದೇವರುಗಳನ್ನು ಬಿಡಿರಿ ಅಂತ ಹೇಳುತ್ತಾನೆ. ಅವರು ತಮ್ಮ ಕೈಯಿಂದಲೇ ತಂದು ಕೊಡುತ್ತಾರೆ. ಯಾಕೋಬ ಅವನ್ನು ಶೆಕೆಮಿನ ಹತ್ತಿರ ಮರದ ಕೆಳಗೆ ಹೂಳುತ್ತಾನೆ. ಲಾಬಾನ ಡೇರೆ ಡೇರೆ ಹೊಕ್ಕು ತಡಕಾಡಿದ. ಯಾಕೋಬ ಯಾರ ಡೇರೆಯನ್ನೂ ತಡಕಾಡಲಿಲ್ಲ. ಕೇಳಿದ, ಅವರು ಕೊಟ್ಟರು.

ಅಪೊಸ್ತಲರ ಕೃತ್ಯಗಳು 19ಕ್ಕೆ ಬನ್ನಿ. ಎಫೆಸದಲ್ಲಿ ಮಾಟದ ಪುಸ್ತಕಗಳನ್ನು ಸುಟ್ಟರು, ಅವುಗಳ ಬೆಲೆ 50,000 ಬೆಳ್ಳಿ ನಾಣ್ಯ. ನಾವು ಇದನ್ನ ಬಹಳ ಪ್ರಸಂಗ ಮಾಡ್ತೇವೆ. ಆದರೆ ಯಾರ ಪುಸ್ತಕ? ಸುಟ್ಟವರದೇ. ನಂಬಿದವರು ತಮ್ಮದನ್ನು ತಂದು ತಾವೇ ಸುಟ್ಟರು. ಅದೇ ಅಧ್ಯಾಯದ ಕೊನೆಯಲ್ಲಿ ಊರೆಲ್ಲಾ ಗದ್ದಲ ಎದ್ದಾಗ, ವಿಶ್ವಾಸಿಯಲ್ಲದ ಪಟ್ಟಣದ ಅಧಿಕಾರಿಯೇ ಎದ್ದು ನಿಂತು, ಈ ಜನ ನಮ್ಮ ಗುಡಿಯನ್ನು ದೋಚಿದವರಲ್ಲ, ನಮ್ಮ ದೇವಿಯನ್ನು ಬೈದವರೂ ಅಲ್ಲ ಅಂತ ಹೇಳುತ್ತಾನೆ. ಪೌಲನು ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಊರಿನಲ್ಲಿ ಸುವಾರ್ತೆ ಸಾರಿದ. ಅಷ್ಟಾದ ಮೇಲೂ ಊರಿನವರ ಬಾಯಲ್ಲಿ ಈ ಮಾತು ಬಂತು. ನಮ್ಮ ಬಗ್ಗೆ ನಮ್ಮ ಊರಿನವರು ಹೀಗೆ ಹೇಳಬಲ್ಲರೇ? ನನ್ನ ಬಗ್ಗೆ ಹೇಳಲಾರರು.

ಅದೇ ಪೌಲ ರೋಮಾಪುರದವರಿಗೆ 2:22ರಲ್ಲಿ ಒಂದು ಪ್ರಶ್ನೆ ಹಾಕುತ್ತಾನೆ: ವಿಗ್ರಹ ಕಂಡರೆ ಅಸಹ್ಯ ಪಡುವ ನೀನು ಗುಡಿಯ ಸೊತ್ತನ್ನು ದೋಚುತ್ತೀಯೋ? ಅದರ ಹಿಂದಿನ ವಚನದಲ್ಲಿ, ಬೇರೆಯವರಿಗೆ ಬೋಧಿಸುವವನು ತನಗೇ ಬೋಧಿಸಿಕೊಳ್ಳುವುದಿಲ್ಲವೋ ಅಂತ ಕೇಳುತ್ತಾನೆ. ಬೈಬಲ್ ಕಾಲೇಜಿನಲ್ಲಿ ಈ ಅಧ್ಯಾಯದ ಮೇಲೆ ನಾನು ಪರೀಕ್ಷೆ ಬರೆದಿದ್ದೇನೆ, ಒಳ್ಳೆಯ ಅಂಕ ಬಂದಿತ್ತು.

ಹಾಗಾದರೆ ಗಿದ್ಯೋನ? ನ್ಯಾಯಸ್ಥಾಪಕರು 6. ಅವನು ತಂದೆಯ ಬಾಳನ ಬಲಿಪೀಠವನ್ನೇ ಕೆಡವಿದನಲ್ಲ? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಬಾರದು. ಮೊದಲನೆಯದು, ದೇವರು ಅವನಿಗೆ ಹೆಸರು ಹಿಡಿದು, ಯಾವ ಬಲಿಪೀಠ, ಯಾವ ಎತ್ತು ಅಂತ ಹೇಳಿ ಆಜ್ಞೆ ಕೊಟ್ಟರು. ನನಗೆ ಅಂಥ ಆಜ್ಞೆ ಬಂದಿರಲಿಲ್ಲ, ಹುಮ್ಮಸ್ಸು ಬಂದಿತ್ತು. ಎರಡನೆಯದು, ಗಿದ್ಯೋನನ ತಂದೆ ಇಸ್ರಾಯೇಲ್ಯ. ಯೆಹೋವನನ್ನೇ ಸೇವಿಸುತ್ತೇವೆ ಅಂತ ಆ ಜನ ಯೆಹೋಶುವನ ಮುಂದೆ ಮಾತು ಕೊಟ್ಟಿದ್ದರು. ಆ ಬಲಿಪೀಠ ಅವರದೇ ಒಡಂಬಡಿಕೆಗೆ ವಿರೋಧ. ನಮ್ಮ ಅವ್ವ ಅಂಥ ಮಾತನ್ನು ಯಾರಿಗೂ ಕೊಟ್ಟಿರಲಿಲ್ಲ. ಕೊಡದ ಮಾತನ್ನು ಅವಳು ಮುರಿದಳು ಅಂತ ಅವಳ ಸೊತ್ತನ್ನು ನಾನು ಕಸಿದುಕೊಂಡೆ. ಹೆದರಿಕೆ ಒಂದರಲ್ಲಿ ಮಾತ್ರ ನಾನು ಗಿದ್ಯೋನನ ಹಾಗೆ ಇದ್ದೆ. ಅವನು ರಾತ್ರಿ ಹೋದ, ನಾನು ಅವ್ವ ಇಲ್ಲದಾಗ ಹೋದೆ.

ಆ ರಾತ್ರಿ ನಾನು ಪ್ರಾರ್ಥಿಸಿದಾಗ ಪವಿತ್ರಾತ್ಮನು ಕೊಟ್ಟ ವಾಕ್ಯ ಅರಣ್ಯಕಾಂಡ 5. ಒಬ್ಬನು ಇನ್ನೊಬ್ಬನಿಗೆ ನಷ್ಟ ಮಾಡಿದರೆ ಮೊದಲು ತಪ್ಪನ್ನು ಒಪ್ಪಿಕೊಳ್ಳಬೇಕು. ಪೂರ್ತಿ ಬೆಲೆ ಕೊಡಬೇಕು, ಅದರ ಜೊತೆಗೆ ಐದರಲ್ಲಿ ಒಂದು ಪಾಲು ಸೇರಿಸಬೇಕು. ನಷ್ಟ ಹೊಂದಿದವನು ಇಲ್ಲದಿದ್ದರೆ? ಅದಕ್ಕೂ ವಾಕ್ಯದಲ್ಲಿ ದಾರಿ ಇದೆ. ಅವನ ಸಮೀಪ ಬಂಧುವಿಗೆ. ಬಂಧುವೂ ಇಲ್ಲದಿದ್ದರೆ ಮಾತ್ರ ಕರ್ತನಿಗೆ, ಯಾಜಕನ ಕೈಗೆ. ಈ ಕ್ರಮ ನೋಡಿ. ನಾವು ಏನು ಮಾಡ್ತೇವೆ? ಮನುಷ್ಯನಿಗೆ ಕೊಡಬೇಕಾದ್ದನ್ನು ನೇರ ಕಾಣಿಕೆ ಪೆಟ್ಟಿಗೆಗೆ ಹಾಕಿ ಸಮಾಧಾನ ಪಡ್ತೇವೆ. ದೇವರು ಕಾಣಿಕೆ ಪೆಟ್ಟಿಗೆಯನ್ನು ಕೊನೆಗೆ ಇಟ್ಟಿದ್ದಾರೆ.

ಐದು ತೊಲಕ್ಕೆ ಐದರಲ್ಲಿ ಒಂದು ಸೇರಿದರೆ ಆರು ತೊಲ. ಬೆಳಿಗ್ಗೆ ಗಂಗಾವತಿಯ ಒಂದು ಅಂಗಡಿಗೆ ಫೋನ್ ಮಾಡಿಸಿ ಆ ದಿನದ ಬೆಳ್ಳಿ ದರ ಕೇಳಿದೆ. ನನ್ನ ಹತ್ತಿರ ಇದ್ದದ್ದು, ಬ್ರದರ್ ಹತ್ತಿರ ಕೈಗಡ ತೆಗೆದುಕೊಂಡದ್ದು ಸೇರಿಸಿ ಅಣ್ಣನ ಮುಂದೆ ಇಟ್ಟೆ. "ಅಣ್ಣಾ, ಬೆಳ್ಳಿ ಮುಖ ಕಳುವಾಗಿಲ್ಲ. ನಾನು ಹಳ್ಳಕ್ಕೆ ಒಗದೆ" ಅಂದೆ.

ಅಣ್ಣ ಬಹಳ ಹೊತ್ತು ಸುಮ್ಮನಿದ್ದ. "ನನಗ ಗೊತ್ತಿತ್ತು. ಅವ್ವ ಹೇಳಬ್ಯಾಡ ಅಂದಿದ್ಲು" ಅಂದ. ಆಮೇಲೆ ದುಡ್ಡು ನೋಡಿ, "ಇದನ್ನ ಅವ್ವಗ ಕೊಡಬೇಕಿತ್ತಪಾ" ಅಂದ.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. 17 ವರ್ಷದಲ್ಲಿ ಅವ್ವ ಒಂದು ಸಾರಿಯೂ ಯೇಸುವಿನ ಬಗ್ಗೆ ನನ್ನನ್ನು ಕೇಳಲಿಲ್ಲ. ಅವಳ ಹೃದಯ ಕಠಿಣ ಅಂತ ನಾನು ಉಪವಾಸ ಹಿಡಿದು ಪ್ರಾರ್ಥಿಸುತ್ತಿದ್ದೆ. ಬಾಗಿಲು ಮುಚ್ಚಿದವನು ನಾನೇ ಇರಬಹುದು ಅಂತ ಒಂದು ದಿನವೂ ಅನಿಸಲಿಲ್ಲ. ಅವ್ವನ ಆತ್ಮದ ವಿಷಯ ನ್ಯಾಯವಾಗಿ ತೀರ್ಪು ಮಾಡುವ ದೇವರ ಕೈಯಲ್ಲಿ ಇದೆ. ನನ್ನ ಪಾಲಿನ ಲೆಕ್ಕವನ್ನು ಮಾತ್ರ ನಾನು ಹೇಳಬಲ್ಲೆ.

ಅಣ್ಣ ಕೊನೆಗೆ ದುಡ್ಡು ತೆಗೆದುಕೊಂಡ. "ಇದರಾಗ ಅಕ್ಕನ ಪಾಲೂ ಐತಿ, ಮುಟ್ಟಸ್ತೀನಿ" ಅಂದ. ಮತ್ತೆ, "ಇದನ್ನ ನಿನ್ನ ಯೇಸು ಹೇಳಿಕೊಟ್ಟನೇನು?" ಅಂತ ಕೇಳಿದ. "ಹೌದಣ್ಣಾ. ಅವನು ಆವಾಗಲೇ ಹೇಳಿದ್ದ, ನಾನು ಈಗ ಕೇಳಿಸಿಕೊಂಡೆ" ಅಂದೆ. ಯೇಸುವಿನ ಬಗ್ಗೆ ಅಣ್ಣ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಜಗಲಿಯ ಸಾಮಾನುಗಳನ್ನು, ಆ ಕಲ್ಲನ್ನು ಅವನೇ ಬಟ್ಟೆಯಲ್ಲಿ ಕಟ್ಟಿ ತನ್ನ ಜೊತೆ ಒಯ್ದ. ನಾನು ಅವಕ್ಕೆ ಕೈಮುಗಿಯಲಿಲ್ಲ, ಕೈ ಹಾಕಲೂ ಇಲ್ಲ. ಬೀಸುವ ಕಲ್ಲನ್ನು ಇಬ್ಬರೂ ಸೇರಿ ಎತ್ತಿ ಗಾಡಿಗೆ ಹಾಕಿದೆವು.

ವಾಪಸ್ ಬರುವಾಗ ಬ್ರದರ್ ಕೇಳಿದರು. ನಿಮ್ಮಲ್ಲೂ ಕೆಲವರಿಗೆ ಈ ಪ್ರಶ್ನೆ ಬಂದಿರುತ್ತೆ. "ಪಾಸ್ಟರ್, ಆ ದುಡ್ಡಲ್ಲಿ ಅವರು ಮತ್ತೆ ಬೆಳ್ಳಿ ಮುಖ ಮಾಡಿಸಿದರೆ? ನೀವೇ ವಿಗ್ರಹ ಮಾಡಿಸಿಕೊಟ್ಟ ಹಾಗೆ ಆಗಲ್ವಾ?"

ನಾನು ಕೇಳಿದೆ: ನೀವು ಒಬ್ಬ ಕುಡುಕನ ಜೇಬಿನಿಂದ 500 ರೂಪಾಯಿ ಕದ್ದಿದ್ದೀರಿ ಅಂತ ಇಟ್ಟುಕೊಳ್ಳಿ. ಆಮೇಲೆ ಮಾನಸಾಂತರ ಆಯ್ತು. ವಾಪಸ್ ಕೊಟ್ಟರೆ ಅವನು ಕುಡೀತಾನೆ, ಅದಕ್ಕೆ ಕೊಡಲ್ಲ ಅಂತ ಹೇಳಬಹುದಾ? ಹಾಗೆ ಹೇಳಿದರೆ ಪ್ರಪಂಚದಲ್ಲಿ ಯಾವ ಸಾಲವನ್ನೂ ತೀರಿಸಬೇಕಿಲ್ಲ. ಎಲ್ಲರ ಕೈಯಲ್ಲೂ ದುಡ್ಡು ಏನಾದರೂ ಒಂದು ಪಾಪಕ್ಕೆ ಹೋಗಬಹುದು. ಸಾಲ ತೀರಿಸುವುದು ಬೇರೆ, ಕಾಣಿಕೆ ಕೊಡುವುದು ಬೇರೆ. ಮೂರ್ತಿ ಮಾಡಿಸಲು ಚಂದಾ ಕೇಳಿದರೆ ನಾನು ಕೊಡುವುದಿಲ್ಲ, ಯಾಕಂದ್ರೆ ಅಲ್ಲಿ ಕೊಡುವ ಉದ್ದೇಶ ನನ್ನದಾಗುತ್ತೆ. ನಾನು ತೆಗೆದದ್ದನ್ನು ತಿರುಗಿ ಕೊಡುವಾಗ ಅದು ನನ್ನ ದುಡ್ಡೇ ಅಲ್ಲ. ಅದರಿಂದ ಅವನು ಏನು ಮಾಡುತ್ತಾನೆ ಅನ್ನೋದು ಅವನ ಮತ್ತು ದೇವರ ನಡುವಿನ ಲೆಕ್ಕ. ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಅಂದಾಗ ಯಾರಿಗೆ, ಅವರು ಯಾವುದಕ್ಕೆ ಖರ್ಚು ಮಾಡುತ್ತಾರೆ ಅಂತ ಕರ್ತನು ವಿಚಾರಿಸಲಿಲ್ಲ. ಈ ಮನೆಗೆ ರಕ್ಷಣೆ ಬಂತು ಅಂದರು.

ಒಂದು ಮಾತು ಸೇರಿಸಬೇಕು. ಯಾರಾದರೂ ವಿಷ ಕುಡಿಯಲು ಹೊರಟರೆ ಬಾಟಲಿ ಯಾರದು ಅಂತ ಕೇಳುತ್ತಾ ನಿಲ್ಲಬೇಡಿ, ಕಸಿದುಕೊಳ್ಳಿ. ಅದು ಜೀವ ಉಳಿಸುವ ಕೆಲಸ. ಆದರೆ ಇನ್ನೊಬ್ಬರ ನಂಬಿಕೆಯನ್ನು ಅವರ ಬದಲಿಗೆ ನಾವು ತೀರ್ಮಾನ ಮಾಡುವುದು ಜೀವ ಉಳಿಸುವುದಲ್ಲ. ಕಸಿದುಕೊಂಡು ಯಾರಿಗೂ ನಂಬಿಕೆ ಕೊಡಲು ಆಗುವುದಿಲ್ಲ.

ಹೊಸಪೇಟೆ ಹತ್ತಿರ ತುಂಗಭದ್ರಾ ಜಲಾಶಯದ ನೀರು ಕಾಣಿಸಿತು. ಆ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ಉಳಿದ ಜಾಗವೆಲ್ಲ ಹೂಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿ ಹೋದಾಗ ಇಡೀ ದೇಶ ನೋಡಿತು. ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಡೆ ಇಳಿಸಿದರು. ಆದರೆ ಹೂಳು 70 ವರ್ಷದಿಂದ ಸದ್ದಿಲ್ಲದೆ ಬಂದು ಕೂತಿದೆ. ಅಷ್ಟು ಹೂಳು ತೆಗೆಯುವುದು ಕಷ್ಟ ಅಂತ ಅದರ ಬದಲಿಗೆ ಇನ್ನೊಂದು ಜಲಾಶಯ ಕಟ್ಟುವ ಯೋಜನೆ ಮಾಡಿದರು. ಎಲ್ಲಿ ಗೊತ್ತಾ? ನಮ್ಮ ನವಲಿ ಹತ್ತಿರವೇ. ನೀರಿನ ವಿಷಯದಲ್ಲಿ ಅದು ಸರಿಯಾದ ದಾರಿ ಇರಬಹುದು. ಆತ್ಮದ ವಿಷಯದಲ್ಲಿ ಅಲ್ಲ. ನಾನು 17 ವರ್ಷ ಅದನ್ನೇ ಮಾಡಿದೆ. ಹಳೆಯ ಹೂಳು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸ ಹೊಸ ಜಲಾಶಯ ಕಟ್ಟಿದೆ. ಉಪವಾಸ ಕೂಟ, ರಾತ್ರಿ ಪ್ರಾರ್ಥನೆ, ಸೇವೆ. ಅವೆಲ್ಲ ಒಳ್ಳೆಯವೇ. ಆದರೆ ಕೆಳಗೆ ಐದು ತೊಲ ಬೆಳ್ಳಿ ಹೂತುಕೊಂಡಿತ್ತು.

ಮತ್ತಾಯ 5:23–24ರಲ್ಲಿ ಕರ್ತನು ಹೇಳುವುದು ಇದೇ. ಕಾಣಿಕೆ ಹಿಡಿದು ಬಂದಾಗ, ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗು. ಹೋಗುವ ದಾರಿ 400 ಕಿಲೋಮೀಟರ್ ಇದ್ದರೂ ಹೋಗು. ಅಪ್ಪ ಅವ್ವ ಇನ್ನೂ ಇರುವವರು ಬೇಗ ಹೋಗಿ. ನನ್ನ ಹಾಗೆ ತಡ ಮಾಡಬೇಡಿ.

ಆ ಹಳೆಯ ಸಾಕ್ಷಿಯನ್ನು ನಾನು ಇನ್ನು ಮುಂದೆ ಮೊದಲಿನ ಹಾಗೆ ಹೇಳುವುದಿಲ್ಲ. ಅದಕ್ಕೆ ನೀವು ಹಲ್ಲೆಲೂಯಾ ಅಂದದ್ದಕ್ಕೆ ನಿಮ್ಮ ಕ್ಷಮೆಯನ್ನೂ ಕೇಳ್ತೇನೆ. ಎಲ್ಲರೂ ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಿನ್ನ ಹೆಸರಿನಲ್ಲಿ ನಾವು ಇನ್ನೊಬ್ಬರಿಗೆ ಮಾಡಿದ ನಷ್ಟವನ್ನು ನಮಗೆ ತೋರಿಸು. ತೋರಿಸಿದಾಗ ಒಪ್ಪಿಕೊಳ್ಳುವ ಬಾಯಿ ಕೊಡು, ತಿರುಗಿ ಕೊಡುವ ಕೈ ಕೊಡು. ನಮ್ಮ ಊರುಗಳಲ್ಲಿ ನಾವು ಮುಚ್ಚಿದ ಬಾಗಿಲುಗಳನ್ನು ನೀನು ತೆರೆ. ನಮ್ಮ ಅಣ್ಣ ಕೇಳಿದ ಆ ಒಂದು ಪ್ರಶ್ನೆಯನ್ನು ನೀನೇ ಕಾಪಾಡು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ. ಆಮೆನ್.